ಯಂಕವ್ವ ಸತ್ತ ಸುದ್ದಿ

ಜೂನ್ 17, ಬೆಳಿಗ್ಗೆ 10.20. ಯಲಬುರ್ಗಾ ಕಡೆಯ ಹಳ್ಳಿಯೊಂದರ ಪಂಚಾಯಿತಿ ಅಧಿಕಾರಿ ಟೈಪ್ ಮಾಡಿಸಿದ ದೂರು ಹಿಡಿದು ಠಾಣೆಗೆ ಬಂದರು. ಕುಷ್ಟಗಿಯ ವಾರಪತ್ರಿಕೆಯೊಂದರ ವರದಿಗಾರ್ತಿ ಮೆಹಜಬೀನ, ಊರ ಟ್ಯಾಂಕಿನ ನೀರು ಕುಡಿದು ಯಂಕವ್ವ ಎಂಬಾಕೆ ಸತ್ತಳೆಂದು ಸುಳ್ಳು ಬರೆದು ಭೀತಿ ಹಬ್ಬಿಸಿದ್ದಾಳೆ; ಟ್ಯಾಂಕಿನ ಹತ್ತಿರ ತಮ್ಮನ್ನು ತಳ್ಳಿ ಕರ್ತವ್ಯಕ್ಕೆ ಅಡ್ಡಿ ಮಾಡಿದ್ದಾಳೆ ಎಂದಿತ್ತು.

ಪಿಎಸ್‌ಐ ಗಾಳೇಶ ಎರಡು ಸಲ ಓದಿದ.

“ತಳ್ಳಿದ್ದು ಯಾವಾಗ್ರಿ?”

“ಹದಿನಾಲ್ಕಕ್ಕ, ಮುಂಜಾನೆ.”

“ಮೂರು ದಿನ ಸುಮ್ಮನಿದ್ರಿ?”

“ಸುದ್ದಿ ಬಂದಿದ್ದು ನಿನ್ನಿ ಅಲ್ರಿ?” ಎಂದ ಅಧಿಕಾರಿ ತಟ್ಟನೆ ಬಾಯಿ ಮುಚ್ಚಿಕೊಂಡರು.

ಮೇಲಿನಿಂದ ಆಗಲೇ ಫೋನ್ ಬಂದಿತ್ತು. 11.05ಕ್ಕೆ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಸ್ಥಳ ಪಂಚನಾಮೆ. ಟ್ಯಾಂಕಿಗೆ ಹೊಸದಾಗಿ ಸುಣ್ಣ ಬಳಿದಿದ್ದರು. ಗಾಳೇಶ ನೀರುಗಂಟಿ ದುರುಗಪ್ಪನನ್ನು ಪಕ್ಕಕ್ಕೆ ಕರೆದ.

“ಹದಿನಾಲ್ಕಕ್ಕ ಇಲ್ಲಿ ತಳ್ಳಾಟ ನೋಡೀಯೇನು?”

“ಪಂಚಾಯಿತಿ ಸಾಹೇಬ್ರು ಅವತ್ತ ಊರಿಗೇ ಬಂದಿದ್ದಿಲ್ರಿ.”

“ಹೇಳಿಕಿ ಕೊಡತೀಯೇನು?”

“ನೌಕರಿ ಹೋಗತೈತ್ರಿ,” ಎಂದು ದುರುಗಪ್ಪ ನೆಲ ನೋಡಿದ.

ಆಸ್ಪತ್ರೆಯ ರಿಜಿಸ್ಟರಿನಲ್ಲಿ ಎರಡೇ ದಿನಕ್ಕೆ ಮೂವತ್ತೊಂದು ವಾಂತಿಭೇದಿ ಪ್ರಕರಣ. ಯಂಕವ್ವನ ಹೆಸರಿನ ಮುಂದೆ ಮಾತ್ರ ಹೃದಯಾಘಾತ ಎಂದು ಬರೆದಿತ್ತು.

ಗಾಳೇಶ ಮೇಲಧಿಕಾರಿಗೆ ಫೋನ್ ಮಾಡಿದ. “ಸುದ್ದಿ ಖರೆ ಕಾಣತೈತ್ರಿ ಸರ್. ಖರೆ ಅಂತ ನಂಬಿ ಬರದ್ರ ಅಪರಾಧ ಅಲ್ಲ ಅಂತ ಕಾನೂನಿನ್ಯಾಗ ಐತ್ರಿ.”

“ಅದನ್ನ ಕೋರ್ಟಿನ್ಯಾಗ ಹೇಳ್ಕೊಳ್ಳಲಿ. ನೀ ಮೊದಲು ಆಕೀನ್ನ ಕರ್ಕೊಂಡ್ ಬಾ.”

ಸಂಜೆ 4.40. ಮಹಿಳಾ ಪೇದೆ ಶೇಖರಮ್ಮನೊಡನೆ ಕುಷ್ಟಗಿಯ ಮನೆಗೆ ಹೋದಾಗ ಮೆಹಜಬೀನ ಮೊಬೈಲು ತಾನೇ ಮುಂದಿಟ್ಟಳು.

“ಸುದ್ದಿ ಬರಿಯಾಕ ನಿಮಗ ಟ್ಯಾಂಕಿನ ವಿಡಿಯೊ ಯಾರು ಕಳಿಸಿದ್ರು?”

“ಹೇಳಂಗಿಲ್ರಿ.”

“ಹೆಸರು ಹೇಳಿದ್ರ ಸಾಕ್ಷಿ ಆಗತೀರಿ. ಇಲ್ಲಂದ್ರ ಆರೋಪಿ.”

“ಆರೋಪಿ ಅಂತನ ಬರ್ಕೋರಿ.”

ತಾಯಿ ಖಾಜಾಬೀ ಬಾಗಿಲಿಗೆ ಅಡ್ಡ ನಿಂತಳು. “ನನ್ನ ಮಗಳು ಏನ್ ಕದ್ದಾಳ್ರಿ?” ಗಾಳೇಶ ಜೀಪಿನ ಕಡೆ ತಿರುಗಿದ. ಶೇಖರಮ್ಮನೇ ಮುದುಕಿಯ ಕೈ ಹಿಡಿದು ಮೆಲ್ಲಗೆ ಸರಿಸಿದಳು.

ಜೀಪಿನಲ್ಲಿ ಗಾಳೇಶ ತಡೆಯಲಾರದೆ ಕೇಳಿದ. “ಇಷ್ಟೆಲ್ಲಾ ಆಗತೈತಿ ಅಂತ ಗೊತ್ತಿದ್ದೂ ಯಾಕ ಬರದ್ರಿ?”

“ಯಂಕವ್ವನ ಮಗಳು ಹೃದಯಾಘಾತ ಅಂತ ಆಸ್ಪತ್ರ್ಯಾಗ ಬರ್ಕೊಟ್ಟ ಕಾಗದ ತಂದು ತೋರಿಸಿದ್ಳು. ‘ನಮ್ಮವ್ವ ಹೆಂಗ ಸತ್ಲು ಅಂತ ಒಂದು ಕಡಿಯರ ಖರೆ ಬರೀರಿ ಅಕ್ಕಾ’ ಅಂದ್ಳು. ಅಷ್ಟ ರೀ.”

ಮೆಹಜಬೀನಳಿಗೆ ಹದಿನಾಲ್ಕು ದಿನ ನ್ಯಾಯಾಂಗ ಬಂಧನವಾಯಿತು. ರಿಮಾಂಡ್ ಅರ್ಜಿಯಲ್ಲಿ ಗಾಳೇಶ, ಮೇಲಧಿಕಾರಿ ಹೇಳಿದ ಹಾಗೆಯೇ, ‘ಭೀತಿ ಹುಟ್ಟಿಸುವ ದುರುದ್ದೇಶ’ ಎಂದು ಬರೆದಿದ್ದ.

ಆ ತಿಂಗಳ ಕೊನೆಗೆ ಪಕ್ಕದ ಊರಿನಲ್ಲೂ ಹತ್ತೊಂಬತ್ತು ಜನ ವಾಂತಿಭೇದಿಯಿಂದ ಮಲಗಿದರು. ಒಬ್ಬ ವರದಿಗಾರನೂ ಅತ್ತ ಹಾಯಲಿಲ್ಲ. ಠಾಣೆಗೆ ದೂರೂ ಬರಲಿಲ್ಲ.