ಹಲಗೆಯ ಮೇಲೆ ಉಳಿದ ಬಿಲ್ಲೆ

"ಅಯ್ಯೋ!"

ಅರ್ಧ ಬಕೆಟ್ ಮಂಜುಗಡ್ಡೆಯ ನೀರು ನೆತ್ತಿಯಿಂದ ಬೆನ್ನಿಗೆ ಇಳಿದಾಗ ಥೇನ್ ಹೆದ್ದಾರಿ ಬದಿ ನಿಲ್ಲಿಸಿದ್ದ ಬೈಕಿನಿಂದ ಜಿಗಿದೇಬಿಟ್ಟ.

"ಏನ್ರೀ ಇದು! ತಲೆಗಿಲೆ ಕೆಟ್ಟಿದೆಯಾ ನಿಮಗೆ?"

"ಕೆಟ್ಟಿರೋದು ನಿಮ್ಮ ತಲೆ!" ಎದುರಿಗಿದ್ದ ಹುಡುಗಿ ಖಾಲಿ ಬಕೆಟ್ಟನ್ನು ಸೊಂಟಕ್ಕೆ ಆನಿಸಿಕೊಂಡಳು. "ನೂರ ಹನ್ನೆರಡು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು! ಇದರಲ್ಲಿ ಜಾಕೆಟ್ ಬಿಚ್ಚಿ ಕಣಿವೆಗೆ ಹೊರಟಿದ್ದೀರಲ್ಲ?"

"ಮೈಗೆ ಗಾಳಿ ಆಡ್ಲಿ ಅಂತ ಬಿಚ್ಚಿದ್ದು."

"ಈ ಗಾಳಿ ತಂಪು ಮಾಡಲ್ಲ, ಬೇಯಿಸುತ್ತೆ. ಒಳಗೆ ಒದ್ದೆ ಅಂಗಿ, ಮೇಲೆ ಮುಚ್ಚಿದ ಜಾಕೆಟ್. ಗೊತ್ತಾಯ್ತಾ?"

ಥೇನ್ ಕಣ್ಣೊರೆಸಿಕೊಂಡು ನೋಡಿದ. ಕೋಪದಲ್ಲಿ ಕೆಂಪಾದ ಮುಖ... ಆದರೆ ಆ ಕಣ್ಣುಗಳಲ್ಲಿ ಕೋಪಕ್ಕಿಂತ ಹೆಚ್ಚಾಗಿ ಹೆದರಿಕೆ ಇತ್ತು. ಗುರುತಿಲ್ಲದ ನನಗಾಗಿ ಇವಳೇಕೆ ಇಷ್ಟು ಹೆದರುತ್ತಾಳೆ?

"ಈಗಿನ್ನೂ ಹತ್ತು ಗಂಟೆ ಅಲ್ವಾ?" ಎಂದ ಮೆಲ್ಲಗೆ.

"ನಿಮ್ಮ ಅರಿಜೋನಾದಲ್ಲಿ ಹತ್ತು. ಗೆರೆ ದಾಟಿದ್ದೀರಿ ಸ್ವಾಮಿ, ಇಲ್ಲಿ ಹನ್ನೊಂದು!"

ಅದು ಆ ಸೀಮೆಯ ಹಳೆಯ ತಕರಾರು. ಬೇಸಿಗೆ ಬಂತೆಂದರೆ ಯೂಟಾದ ಕಡೆಯವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಕಣಿವೆಯ ಆಚೆ, ಅರಿಜೋನಾದವರು ಮುಳ್ಳು ಮುಟ್ಟುವುದಿಲ್ಲ. ಸೂರ್ಯ ಮಾತ್ರ ಇಬ್ಬರನ್ನೂ ಒಂದೇ ಸಮ ಸುಡುತ್ತಾನೆ.

ಅವಳ ಹೆಸರು ಯಾರೆಲಿ. ಅಪ್ಪ ಎಉಸೇಬಿಯೊ ಜೊತೆ ಹೆದ್ದಾರಿ ಪಕ್ಕದಲ್ಲಿ, ಜೋಳದ ಹಿಟ್ಟನ್ನು ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸುವ ತಮಾಲೆಯ ಅಂಗಡಿ ನಡೆಸುತ್ತಿದ್ದಳು. ಪ್ರತಿ ಶನಿವಾರ ಬೈಕಿನವರ ಗುಂಪಿಗೆ ಬೇಸಿಗೆ ಸವಾರಿಯ ಯೋಜನೆ ಹಾಕಿಕೊಡುವವಳೂ ಅವಳೇ. ಬೆಳಗಿನ ನಾಲ್ಕೂವರೆಗೆ ಹೊರಡಬೇಕು. ನಲವತ್ತು ನಿಮಿಷಕ್ಕೊಮ್ಮೆ ನೆರಳಲ್ಲಿ ನಿಂತು ಅಂಗಿ ನೆನೆಸಿಕೊಳ್ಳಬೇಕು. ಬಾಯಾರಿಕೆ ಆಗುವ ಮೊದಲೇ ಉಪ್ಪು ಹಾಕಿದ ನೀರು ಕುಡಿಯಬೇಕು. ಹತ್ತರೊಳಗೆ ವಾಪಸ್!

ಅಂಗಡಿಯ ಜಗಲಿಯಲ್ಲಿ ಒಂದು ಹಲಗೆ. ಹೊರಡುವವರು ತಮ್ಮ ಹೆಸರಿನ ಹಿತ್ತಾಳೆ ಬಿಲ್ಲೆಯನ್ನು ಮೊಳೆಗೆ ಸಿಕ್ಕಿಸಿ, ಮರಳುವ ಗಂಟೆಯನ್ನು ಸೀಮೆಸುಣ್ಣದಲ್ಲಿ ಬರೆಯಬೇಕು. ಬಂದ ಮೇಲೆ ಬಿಲ್ಲೆ ತೆಗೆದುಕೊಳ್ಳಬೇಕು. ಹೇಳಿದ ಹೊತ್ತು ಮೀರಿ ಕಾಲು ಗಂಟೆಯಾದರೂ ಬಿಲ್ಲೆ ಉಳಿದಿದ್ದರೆ ಹುಡುಕಲು ಹೊರಡಬೇಕು.

ಮೂರು ವರ್ಷದ ಹಿಂದೆ ಆ ಹಲಗೆ ಇರಲಿಲ್ಲ. ಎಉಸೇಬಿಯೊ ಕಣಿವೆಯ ಬಂಡೆಯೊಂದರ ಹಿಂದೆ ಬಿಸಿಲಿಗೆ ಕುಸಿದು ಬಿದ್ದಾಗ, ಅವನು ಎಷ್ಟು ಹೊತ್ತಿಗೆ ಬರಬೇಕಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಜೀವ ಉಳಿಯಿತು. ಆದರೆ ಆಮೇಲೆ ಅವನು ಬೈಕ್ ಹತ್ತಲಿಲ್ಲ.

ಥೇನ್ ಜೇನು ಸಾಕುವವನು. ಬೈಕು ಕೊಂಡು ಹತ್ತು ದಿನವಾಗಿತ್ತಷ್ಟೇ. ಮುಂದಿನ ಶನಿವಾರ ಅವನೂ ಒಂದು ಬಿಲ್ಲೆ ಮಾಡಿಸಿಕೊಂಡು ಬಂದ. ತಾತನ ಕೈಗಡಿಯಾರವನ್ನು ಅವಳೆದುರೇ ಒಂದು ಗಂಟೆ ಮುಂದಕ್ಕೆ ತಿರುಗಿಸಿದ.

"ಇನ್ಮೇಲೆ ನಿಮ್ಮ ಟೈಮೇ ನನ್ನ ಟೈಮು."

"ಆಹಾ! ಮಾತಿಗೇನೂ ಕಮ್ಮಿ ಇಲ್ಲ," ಎಂದಳು ಯಾರೆಲಿ. ಎದೆಯೊಳಗೆ ಯಾಕೋ ಏನೋ ಅಲುಗಾಡಿತು.

"ನಿಮ್ಮ ಒದ್ದೆ ಅಂಗಿಯ ಉಪಾಯ ನನ್ನ ಜೇನುಗಳಿಗೂ ಗೊತ್ತು ಕಣ್ರೀ. ಸೆಕೆ ಹೆಚ್ಚಾದ್ರೆ ನೀರು ಹೊತ್ತು ತಂದು ಗೂಡಿಗೆ ಹಚ್ಚಿ, ರೆಕ್ಕೆ ಬೀಸ್ತಾವೆ."

"ನಿಮಗಿಂತ ಬುದ್ಧಿವಂತರು ಹಾಗಾದ್ರೆ!"

ಆರು ಶನಿವಾರ ಹೀಗೇ ನಗುತ್ತಾ ಕಳೆದವು. ಏಳನೆಯದರಲ್ಲಿ ಥೇನ್ ಹದಿನೈದು ನಿಮಿಷ ತಡವಾಗಿ ಬಂದ.

ಆ ಹದಿನೈದು ನಿಮಿಷ ಯಾರೆಲಿ ಹಲಗೆಯ ಮುಂದೆ ಕಲ್ಲಾಗಿ ನಿಂತಿದ್ದಳು. ಬೈಕಿನ ಸದ್ದು ಕೇಳಿದ್ದೇ ತಡ, ಎಲ್ಲರೆದುರೇ ಸಿಡಿದಳು.

"ಇದೇನು ಆಟ ಅಂದ್ಕೊಂಡಿದ್ದೀರಾ?"

"ಯಾರೆಲಿ, ಒಂದ್ನಿಮಿಷ ಕೇಳಿ..."

"ಏನೂ ಕೇಳಲ್ಲ! ನಿಮ್ಮ ಟೈಮೂ ನನ್ನ ಟೈಮೂ ಹೊಂದಲ್ಲ. ನಿಮ್ಮ ಊರಿನ ಗಡಿಯಾರಾನೇ ಇಟ್ಕೊಳ್ಳಿ!"

ಥೇನ್ ಕೈಗಡಿಯಾರದ ತಿರುಪನ್ನು ಹೊರಗೆಳೆದು, ನಿಧಾನವಾಗಿ ಒಂದು ಗಂಟೆ ಹಿಂದಕ್ಕೆ ತಿರುಗಿಸಿದ. ಹೊರಟುಹೋದ.

ಇನ್ನು ಬರಲಾರ ಎಂದುಕೊಂಡಳು. ವಾರವಿಡೀ ತಮಾಲೆಗೆ ಸಿಪ್ಪೆ ಸುತ್ತುವ ಕೈ ತಪ್ಪುತ್ತಲೇ ಇತ್ತು.

ಮುಂದಿನ ಶನಿವಾರ ಎಲ್ಲರೂ ಹೊರಟು ಗಂಟೆಯಾದ ಮೇಲೆ ಯಾರೆಲಿ ಜಗಲಿಗೆ ಬಂದರೆ... ಹಲಗೆಯ ತುದಿಯಲ್ಲಿ ಥೇನ್ ಬಿಲ್ಲೆ! ಪಕ್ಕದಲ್ಲಿ ದುಂಡಗೆ ಬರೆದ ಹತ್ತು.

*ಬಂದಿದ್ದ! ನನ್ನ ಮುಖ ನೋಡದೆ ಹೋದ...*

ಒಂಬತ್ತೂವರೆಗೆ ಗುಂಪು ಮರಳಿತು. ಬಿಲ್ಲೆಗಳು ಒಂದೊಂದಾಗಿ ಮೊಳೆ ಬಿಟ್ಟವು. ಒಂದು ಉಳಿಯಿತು.

"ಥೇನ್ ಕಂಡ್ರಾ ದಾರೀಲಿ?"

"ಇಲ್ವಲ್ಲಮ್ಮಾ, ಒಂದು ಬೈಕೂ ಎದುರಾಗ್ಲಿಲ್ಲ."

ಹತ್ತಾಯಿತು. ಹತ್ತೂ ಕಾಲಾಯಿತು. ಕಣಿವೆಯೊಳಗೆ ಫೋನು ತಾಗುವುದೇ ಇಲ್ಲ. ಗೋಡೆಯ ತಾಪಮಾಪಕದಲ್ಲಿ ನೂರ ಹದಿನಾಲ್ಕು.

ಎಉಸೇಬಿಯೊ ಒಳಗಿನಿಂದ ಮಂಜುಗಡ್ಡೆಯ ಪೆಟ್ಟಿಗೆ ಹೊತ್ತು ತಂದ. ಅದರ ಮೇಲೊಂದು ಪುಟ್ಟ ಜೇನಿನ ಸೀಸೆ. ಸುತ್ತಿದ ಚೀಟಿಯಲ್ಲಿ ದುಂಡಗಿನ ಅಕ್ಷರ: ಯಾರೆಲಿಗೆ.

"ಹೋದ ವಾರ ಅವನು ತಡ ಮಾಡಿದ್ದು ಇದನ್ನ ತರೋಕೆ, ಮಗಳೇ. ನೀನು ಕೇಳ್ಲಿಲ್ಲ. ನನ್ನ ಕೈಗಿಟ್ಟು ಹೋದ."

"ಪಾಪಾ! ಇವತ್ತು ಹೇಳ್ತಿದ್ದೀಯಾ?"

"ನಿನ್ನ ಕೋಪ ಇಳೀಲಿ ಅಂತ ಕಾದೆ. ಅಳೋದು ಆಮೇಲೆ. ಗಾಡಿ ತೆಗಿ!"

ಪೆಟ್ಟಿಗೆಯನ್ನು ಗಾಡಿಗೆ ಹಾಕಿಕೊಂಡು ಯಾರೆಲಿ ಒಬ್ಬಳೇ ಹೊರಟಳು. ಕಣಿವೆಯ ಎರಡೂ ಗೋಡೆಗಳು ಕೆಂಡದಂತೆ ಉರಿಯುತ್ತಿದ್ದವು. ಪ್ರತಿ ಬಂಡೆಯ ಹಿಂದೆಯೂ ಅವಳಿಗೆ ಅಂದು ಬಂಡೆಯಾಚೆ ಚಾಚಿದ್ದ ಅಪ್ಪನ ಬೂಟುಗಳೇ ಕಂಡವು... ಒಂದು ತಿರುವು. ಯಾರೂ ಇಲ್ಲ. ಇನ್ನೊಂದು. ಇಲ್ಲ.

*ಒಂದೇ ಒಂದು ಸಲ ಕೇಳಬಹುದಿತ್ತಲ್ಲ, ಯಾಕೆ ತಡ ಅಂತ!*

ಮೂರನೆಯ ತಿರುವಿನ ನೆರಳಿನಲ್ಲಿ ಒಂದು ಬೈಕು. ಅದಕ್ಕೊರಗಿ ಒಬ್ಬ, ಜಾಕೆಟ್ಟಿನೊಳಗಿನ ಒದ್ದೆ ಅಂಗಿಯಿಂದ ತೊಟ್ಟಿಕ್ಕುತ್ತಾ, ಹಾಯಾಗಿ ಉಪ್ಪುನೀರು ಹೀರುತ್ತಿದ್ದ.

ಯಾರೆಲಿ ಗಾಡಿ ನಿಲ್ಲಿಸಿದಳು. ಮಂಜುಗಡ್ಡೆಯ ಪೆಟ್ಟಿಗೆ ಎತ್ತಿಕೊಂಡು ಇಳಿದಳು.

"ಯಾರೆಲಿ? ನೀವಿಲ್ಲಿ? ಯಾರಿಗೇನಾಯ್ತು?" ಥೇನ್ ಗಾಬರಿಯಿಂದ ಓಡಿ ಬಂದ.

"ಗಂಟೆ ಎಷ್ಟು?" ಎಂದಳು.

ಅವನು ಕೈಗಡಿಯಾರ ನೋಡಿದ. "ಒಂಬತ್ತೂ ನಲವತ್ತು. ಹತ್ತಕ್ಕೆ ಸರಿಯಾಗಿ ತಲುಪ್ತೀನಿ. ನಲವತ್ತು ನಿಮಿಷಕ್ಕೆ ನಿಲ್ಲಬೇಕಲ್ಲ, ನಿಂತಿದ್ದೀನಿ. ಜೇನುಗಳಿಗೆ ನೀರಿಡೋಕೆ ಗೂಡಿನ ಹತ್ರ ತಿರುಗಿದ್ದೆ, ಅದನ್ನೂ ಲೆಕ್ಕಕ್ಕೆ ಹಿಡಿದೇ ಬರೆದೆ."

"ನಮ್ಮ ಹಲಗೆಯಲ್ಲಿ ಈಗ ಹತ್ತೂ ನಲವತ್ತು, ಥೇನ್!"

"ನೀವೇ ಹೇಳಿದ್ರಲ್ಲ..." ಅವನು ತಡವರಿಸಿದ. "ನಿಮ್ಮ ಊರಿನ ಗಡಿಯಾರಾನೇ ಇಟ್ಕೊಳ್ಳಿ ಅಂತ. ಇಟ್ಕೊಂಡೆ."

ಯಾರೆಲಿ ನಕ್ಕಳೋ ಅತ್ತಳೋ, ಅವಳಿಗೇ ತಿಳಿಯಲಿಲ್ಲ. ಪೆಟ್ಟಿಗೆಯ ಮುಚ್ಚಳ ತೆಗೆದು ಕರಗಿದ ಮಂಜಿನ ನೀರನ್ನಷ್ಟೂ ಅವನ ನೆತ್ತಿಗೆ ಸುರಿದಳು.

"ಅಯ್ಯೋ! ಮತ್ತೆ ಯಾಕೆ? ಈ ಸಲ ಜಾಕೆಟ್ ಇದೆಯಲ್ಲ!"

"ಬದುಕಿದ್ದೀರಲ್ಲ, ಅದಕ್ಕೆ!" ಅವಳು ಆ ಒದ್ದೆ ಎದೆಗೆ ಹಣೆಯಿಟ್ಟಳು. ಮೂರು ವರ್ಷದಿಂದ ಬಿಗಿಹಿಡಿದಿದ್ದ ಉಸಿರು ಒಮ್ಮೆಲೇ ಹೊರಬಂತು. ಅಬ್ಬಾ... ಎದೆ ಬಡಿಯುತ್ತಿದೆ. ತಣ್ಣಗಿದೆ. ಚೆನ್ನಾಗಿದೆ!

"ಹೋದ ವಾರ ಕೇಳಬೇಕಿತ್ತು ನಾನು. ತಪ್ಪು ನಂದು. ಥೇನ್... ಆ ಬಿಲ್ಲೆ ನಿಮ್ಮದಾಗಿರದಿದ್ರೆ ಇಷ್ಟು ಹೆದರ್ತಿರ್ಲಿಲ್ಲ. ಅದು ಈಗ ಗೊತ್ತಾಯ್ತು ನನಗೆ."

ಥೇನ್ ಅವಳ ಬೆನ್ನ ಹಿಂದೆಯೇ ಎರಡು ಕೈ ಸೇರಿಸಿ ಗಡಿಯಾರದ ತಿರುಪು ಎಳೆದ ಸಣ್ಣ ಸದ್ದು ಅವಳಿಗೆ ಕೇಳಿಸಿತು. ಮುಳ್ಳು ಮುಂದೆ ಸರಿಯಿತು.

"ನಿಮ್ಮ ಒಂದು ಗಂಟೆ ನುಂಗಿಬಿಟ್ಟೆ," ಎಂದ. "ಹೇಗೆ ತೀರಿಸ್ಲಿ?"

"ದಿನಾ ಬನ್ನಿ. ಶನಿವಾರ ಮಾತ್ರ ಅಲ್ಲ."

"ಎಷ್ಟು ಗಂಟೆಗೆ?"

"ಬೆಳಗ್ಗೆ ಐದಕ್ಕೆ. ನಿಮ್ಮ ಜೇನು ಹಾಕಿ ಕಾಫಿ ಮಾಡಿರ್ತೀನಿ."

"ಯಾರ ಗಡಿಯಾರದಲ್ಲಿ ಐದು?"

ಯಾರೆಲಿ ತಲೆಯೆತ್ತಿ, ಒದ್ದೆ ಕೆನ್ನೆಯಲ್ಲೇ ನಕ್ಕಳು.

"ನಮ್ಮದರಲ್ಲಿ."