ಶೂಜಿ ಐದರಲ್ಲಿಟ್ಟಿದ್ದ ಗುಂಡಿ

ತಪ್ಪು ಮಾಡಿದವಳು ನಾನು. ಬೈಸಿಕೊಂಡವನು ಶೂಜಿ.

ಜಪಾನಿನ ಸಾಕಾಯಿಮಿನಾತೊ ಬಂದರಿನಲ್ಲಿ ಬಂಗುಡೆ ಹುಡುಕುವ ದೋಣಿಗೆ ಹೊಸ ಸೋನಾರ್ ಕೂರಿಸಲು ಕಂಪನಿ ನನ್ನನ್ನು ಕಳಿಸಿತ್ತು. ಅದನ್ನು ನೋಡುತ್ತ ಕೂರುವ ಕೆಲಸ ಶೂಜಿಯದು. ನೀರಿಗೆ ಸದ್ದು ಬಿಟ್ಟರೆ ಹತ್ತಿರದ ಮೀನಿನ ಪ್ರತಿಧ್ವನಿ ಜೋರಾಗಿ ಬರುತ್ತದೆ, ದೂರದ್ದು ಸೊರಗಿ ಬರುತ್ತದೆ. ಹತ್ತಿರದ್ದನ್ನು ತಗ್ಗಿಸಿ ದೂರದ್ದನ್ನು ಏರಿಸಬೇಕು. ಎಷ್ಟು ಏರಿಸಬೇಕೆನ್ನುವುದರಲ್ಲೇ ಜಾಣತನ ಇರುವುದು.

“ಚಿಹಾರು ಅವ್ರೇ, ಮೂರು ಕಿಲೋಮೀಟರ್ ಕಾಣುತ್ತೆ ಅಂತ ಜಂಬ ಕೊಚ್ಕೊಂಡ್ರಲ್ಲ, ಎಲ್ಲಿ?” ಎಂದು ಮೊದಲ ರಾತ್ರಿ ಕಡಲಲ್ಲಿ ಅವನು ಓರೆಗಣ್ಣಲ್ಲಿ ನಕ್ಕ.

ಆ ನಗುವೇ ನನ್ನನ್ನು ಕೆಡಿಸಿತು. ಅವನು ಟೀ ತರಲು ಹೋದಾಗ ದೂರದ ಸದ್ದು ಏರಿಸುವ ಗುಂಡಿಯನ್ನು ಮಿತಿಮೀರಿ ತಿರುಗಿಸಿಬಿಟ್ಟೆ. ಪರದೆಯ ಅಂಚಿನಲ್ಲಿ ಕೆಂಪು ಮುದ್ದೆಯೊಂದು ಮೂಡಿತು.

“ನಿಜವಾಗ್ಲೂ ಮೀನಾ?” ವಾಪಸು ಬಂದವನು ಕೇಳಿದ.

“ಮೀನೇ,” ಎಂದೆ.

ಒಟ್ಟಿಗೆ ಮೀನು ಹಿಡಿಯುವ ನಮ್ಮ ಗುಂಪಿನ ಐದೂ ದೋಣಿಗಳು ಅತ್ತ ಓಡಿದವು. ಬಲೆಯಲ್ಲಿ ಒಂದು ಮೀನೂ ಇರಲಿಲ್ಲ. ಅಲೆಗಳ ಗದ್ದಲವನ್ನೇ ನಾನು ಮೀನು ಮಾಡಿ ತೋರಿಸಿದ್ದೆ.

“ನಾನೇ ತಪ್ಪಾಗಿ ನೋಡ್ದೆ,” ಎಂದ ಶೂಜಿ. ನಾನು ತುಟಿ ಬಿಚ್ಚಲಿಲ್ಲ.

ಅಲ್ಲಿಯ ಪದ್ಧತಿಯಂತೆ, ಬರಿ ಬಲೆ ಎಳೆಸಿದವನು ಮರುದಿನ ಬೆಳಗ್ಗೆ ದೋಣಿ ಕಟ್ಟುವ ಧಕ್ಕೆಯಲ್ಲಿ ಪ್ರತಿ ದೋಣಿಯ ಮುಂದೆ ನಿಂತು ತಲೆಬಾಗಬೇಕು. ಮೂರನೇ ಸಲವಾದರೆ ಸೋನಾರ್ ಬಿಟ್ಟು ಬಲೆ ಎಳೆಯಲು ಹೋಗಬೇಕು. ಶೂಜಿಗೆ ಇದು ಮೂರನೆಯದು.

“ಏನಯ್ಯಾ, ನಿದ್ದೆ ಮಾಡ್ತಿದ್ಯಾ?” ಎರಡನೇ ದೋಣಿಯವರು ಹಂಗಿಸಿದರು. ಅವನ ಬಾಗಿದ ಬೆನ್ನು ನೋಡಿ ನನಗೆ ಸತ್ತುಹೋಗುವಷ್ಟು ನಾಚಿಕೆಯಾಯಿತು. ಓಡಿಹೋಗಿ ಪಕ್ಕದಲ್ಲಿ ನಿಂತು ಅವನಿಗಿಂತ ಕೆಳಗೆ ಬಾಗಿದೆ.

“ಗುಂಡಿ ತಿರುಗಿಸಿದ್ದು ನಾನು. ಇವ್ರು ಕೇಳ್ದಾಗ ಮೀನೇ ಅಂದದ್ದೂ ನಾನೇ.”

ದೋಣಿಗಳ ಯಜಮಾನರು ಸಿಗರೇಟು ಆರಿಸಿದರು. “ಶೂಜಿ ಇದ್ದಲ್ಲೇ ಇರ್ಲಿ. ನೀನು ಈ ಕೆಲ್ಸ ಬಿಟ್ಟು ದೋಣಿ ಇಳ್ಕೋಮ್ಮಾ. ತಲೆಬಾಗೋದನ್ನ ಮೊದಲ್ನೇ ದೋಣಿಯಿಂದ ಮತ್ತೆ ಶುರು ಮಾಡು.”

ಶುರು ಮಾಡಿದೆ. ಮುಖ ಉರಿಯುತ್ತಿತ್ತು.

ಆಮೇಲೆ ಬಂದರಿನ ಗೇಟಿನ ಹತ್ತಿರ ಶೂಜಿ ಬಿಸಿ ಟೀ ಡಬ್ಬಿ ಹಿಡಿದು ಬಂದ.

“ಬಲೆ ಮೇಲೆ ಬಂದಾಗ್ಲೇ ಗುಂಡಿ ನೋಡ್ದೆ. ನಾನು ಐದರಲ್ಲಿಟ್ಟಿದ್ದೆ, ಒಂಬತ್ತರಲ್ಲಿತ್ತು.”

“ಮತ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನಿಮ್ಮನ್ನ ಇಳಿಸ್ತಾರಲ್ಲ, ಅದಕ್ಕೆ.”

ನನಗೆ ಅಳು ಬಂತು. “ನಿಮ್ಮ ಮುಖ ನೋಡೋ ಯೋಗ್ಯತೆ ನಂಗಿಲ್ಲ.”

“ಇವತ್ತು ನೋಡ್ಬೇಡಿ ಬಿಡಿ. ಶನಿವಾರ ಮೀನು ಮಾರ್ಕೆಟ್ ರಜ, ದೋಣಿ ಹೋಗಲ್ಲ. ಅವತ್ತು ನೋಡಿ.”

ತಲೆ ಎತ್ತಲಾಗಲಿಲ್ಲ. ಟೀ ತೆಗೆದುಕೊಂಡೆ.

“ಎಷ್ಟು ಹೊತ್ತಿಗೆ?” ಎಂದೆ, ಅವನ ಬೂಟುಗಳನ್ನೇ ನೋಡುತ್ತ.