ಮೂರು ಪಾಯಿಂಟ್ ಎರಡು

ಪರದೆಯ ಮೇಲೆ ಮೊದಲು ವಾಣಿಜ್ಯ ವಿಭಾಗದ ಮುಖ್ಯಸ್ಥರ ಹೆಸರು ಮೂಡಿತು, ಅದರ ಕೆಳಗೆ ಅವರ ಪ್ರಬಂಧದ ಹೆಸರು, ಅದರ ಕೆಳಗೆ ಒಂದು ದುಂಡನೆಯ ಸೊನ್ನೆ. ಸಭಾಂಗಣದ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ‘ಸಹಕಾರಿ ಸಂಘಗಳಲ್ಲಿ ಗ್ರಾಹಕರ ತೃಪ್ತಿ: ಒಂದು ಅಧ್ಯಯನ’ ಎಂಬ ಆ ಪ್ರಬಂಧ ಹದಿನಾಲ್ಕು ವರ್ಷಗಳಲ್ಲಿ ಒಬ್ಬನೇ ಒಬ್ಬ ಗ್ರಾಹಕನನ್ನೂ ತೃಪ್ತಿಪಡಿಸಿರಲಿಲ್ಲ. ಅದನ್ನು ಓದಿ ಯಾರಾದರೂ ಸಿಟ್ಟಾಗಿದ್ದರೂ ಒಂದು ಸಮಾಧಾನವಿರುತ್ತಿತ್ತು. ಅದೂ ಆಗಿರಲಿಲ್ಲ.

ಎರಡು ಸಾವಿರದ ಐವತ್ತೇಳನೆಯ ಇಸವಿಯ ಆ ಬೆಳಿಗ್ಗೆ ಡೋಣಿ ವಿಶ್ವವಿದ್ಯಾಲಯದಲ್ಲಿ ಜಾಡುಯಂತ್ರದ ಮೊದಲ ಪ್ರದರ್ಶನ ನಡೆದಿತ್ತು. ಅದನ್ನು ಕಟ್ಟಿದವಳು ಅಲ್ಲಿಯೇ ಓದಿ ಅಲ್ಲಿಯೇ ಕೆಲಸಕ್ಕೆ ಸೇರಿದ ವಿಜ್ಞಾನಿ ಸಂಪದಾ ತೇಲಿ. ಯಂತ್ರದ ಕೆಲಸವನ್ನು ಹೇಳುವುದು ಸುಲಭ. ಸೋರುವ ಕೊಳವೆಯ ನೀರು ಎಲ್ಲಿಗೆ ಹೋಗುತ್ತದೆಂದು ತಿಳಿಯಲು ಬಣ್ಣ ಬೆರೆಸಿ ಬಿಡುತ್ತಾರಲ್ಲ, ಹಾಗೆ ಈ ಯಂತ್ರ ಒಂದು ಸಂಶೋಧನಾ ಪ್ರಬಂಧದ ಅಂಕಿಗಳಿಗೂ ತೀರ್ಮಾನಗಳಿಗೂ ಗುರುತು ಹಚ್ಚಿ ಅವುಗಳ ಬೆನ್ನು ಹತ್ತುತ್ತಿತ್ತು. ಆ ಅಂಕಿ ಯಾವ ವರದಿ ಸೇರಿತು, ವರದಿಯಿಂದ ಯಾವ ಸುತ್ತೋಲೆಗೆ ಹೋಯಿತು, ಸುತ್ತೋಲೆಯಿಂದ ಯಾವ ಆಸ್ಪತ್ರೆಗೆ, ಶಾಲೆಗೆ, ಅಂಗಡಿಗೆ ಇಳಿಯಿತು, ಕೊನೆಗೆ ಎಷ್ಟು ಜನರ ಬದುಕಿಗೆ ತಾಗಿತು ಎಂದು ತೋರಿಸುತ್ತಿತ್ತು. ದೇಶದ ದಾಖಲೆಗಳೆಲ್ಲ ಒಂದೇ ಜಾಲದಲ್ಲಿ ಸೇರಿಹೋಗಿದ್ದ ಕಾಲವಾದ್ದರಿಂದ ಅದಕ್ಕೆ ಅರ್ಧ ನಿಮಿಷ ಸಾಕಾಗುತ್ತಿತ್ತು.

ಬಿ.ಎಡ್. ಕಾಲೇಜಿನ ಪ್ರಾಚಾರ್ಯರ ‘ಪ್ರಶಿಕ್ಷಣಾರ್ಥಿಗಳ ಮನೋಭಾವ’ ಸೊನ್ನೆ. ಬಾಣಂತಿಯರ ಆಹಾರದ ಮೇಲೆ ಬರೆದ ಆರು ಪ್ರಬಂಧಗಳು, ಆರೂ ಸೊನ್ನೆ. ಪ್ರಾಣಿಶಾಸ್ತ್ರದ ಹೂಗಾರ ಮೇಡಂ ಕೆರೆಗಪ್ಪೆಗಳ ಮೇಲೆ ಬರೆದದ್ದಕ್ಕೆ ಮಾತ್ರ ‘ಒಂದು’ ಎಂದು ಬಂತು. ಇಂಡಿ ಕಡೆಯ ಒಬ್ಬ ಮನುಷ್ಯ ಅದನ್ನು ಓದಿ ತನ್ನ ಬಾವಿಯ ಸುತ್ತ ಔಷಧ ಹೊಡೆಯುವುದನ್ನು ಬಿಟ್ಟಿದ್ದನಂತೆ. ಸಭೆ ಗೊಳ್ಳೆಂದು ನಕ್ಕಿತು. ಸಂಪದಾ ನಗಲಿಲ್ಲ.

“ಉಕ್ಕಲಿ ಸರ್‍ದು ಹಾಕ್ರಿ, ನೋಡೂಣು. ಎರಡ್ನೂರಾ ಹದಿನಾಲ್ಕು ಅದಾವ” ಎಂದು ಕುಲಪತಿಗಳು ಮುಂದಿನ ಸಾಲಿನಿಂದಲೇ ಕೂಗಿದರು.

ಪ್ರೊಫೆಸರ್ ಚನ್ನವೀರ ಉಕ್ಕಲಿ ಶಾಲಾ ಆರೋಗ್ಯ ವಿಭಾಗದ ಮುಖ್ಯಸ್ಥರು, ಐವತ್ತೆಂಟು ವರ್ಷದವರು. ತಮ್ಮ ಪ್ರಬಂಧಗಳ ಯೋಗ್ಯತೆ ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ಬಡ್ತಿಗೆ ಅಂಕ ಬೇಕಾದಾಗ ಬರೆದವು, ಸಮ್ಮೇಳನಕ್ಕೆ ಹೋಗಬೇಕಾದಾಗ ಬರೆದವು, ಶಿಷ್ಯರು ಬರೆದು ಮೇಲೆ ಇವರ ಹೆಸರು ಹಾಕಿದವು. ಎಲ್ಲರಂತೆ ತಮ್ಮದೂ ಸೊನ್ನೆಯಾಗುತ್ತದೆ, ಸಾಯಂಕಾಲದವರೆಗೆ ನಗೆಯಾಡಿ ಎಲ್ಲರೂ ಮರೆಯುತ್ತಾರೆ ಎಂದುಕೊಂಡು ಅವರು ಆರಾಮವಾಗಿ ಕುಳಿತಿದ್ದರು.

ಇನ್ನೂರ ಹದಿಮೂರು ಸೊನ್ನೆಗಳು ಸರಸರನೆ ಸರಿದವು. ಕೊನೆಯದಕ್ಕೆ ಪರದೆ ತಡವರಿಸಿತು. ಅಂಕಿ ಏರತೊಡಗಿ ಸಾವಿರ ದಾಟಿತು, ಲಕ್ಷ ದಾಟಿತು, ನಲವತ್ತೊಂದು ಲಕ್ಷ ಎಪ್ಪತ್ತು ಸಾವಿರಕ್ಕೆ ಬಂದು ನಿಂತಿತು. ಆಮೇಲೆ ಚಪ್ಪಾಳೆ. ಕುಲಪತಿಗಳು ಎದ್ದು ಬಂದು ಉಕ್ಕಲಿಯವರನ್ನು ಅಪ್ಪಿಕೊಂಡರು. ಉಕ್ಕಲಿಯವರು ಅವರ ಭುಜದ ಮೇಲಿಂದ ಪ್ರಬಂಧದ ಹೆಸರನ್ನು ಓದಿದರು. ಪರದೆಯ ಮೇಲಿದ್ದದ್ದು ಅವರ ಮೊಟ್ಟಮೊದಲ ಪ್ರಬಂಧ, ‘ಪ್ರೌಢಶಾಲಾ ಮಕ್ಕಳ ದೃಷ್ಟಿಮಾಂದ್ಯದ ಪ್ರಮಾಣ’, ಎರಡು ಸಾವಿರದ ಇಪ್ಪತ್ತಾರು.

ಆ ವರ್ಷ ಅವರಿಗೆ ಇಪ್ಪತ್ತೇಳು. ಹನ್ನೆರಡು ಶಾಲೆಗಳ ಆರುನೂರು ಮಕ್ಕಳ ಕಣ್ಣು ಪರೀಕ್ಷಿಸಿ ಪ್ರಶ್ನಾವಳಿ ತುಂಬಿಸಬೇಕಿತ್ತು. ಒಂದು ಶಾಲೆಗೆ ಹೋದರು. ಮೂವತ್ತೆಂಟು ಮಕ್ಕಳನ್ನು ಅಕ್ಷರದ ಫಲಕದ ಮುಂದೆ ನಿಲ್ಲಿಸಿ ಓದಿಸಿದರು. ಏಳು ಮಕ್ಕಳಿಗೆ ದೂರದ ಅಕ್ಷರ ಕಾಣುತ್ತಿರಲಿಲ್ಲ. ಉಳಿದ ಹನ್ನೊಂದು ಶಾಲೆಗಳಿಗೆ ಬಸ್ ಹತ್ತಿ ಇಳಿಯುವ ಬೇಸರಕ್ಕೆ, ಬಿಸಿಲಿಗೆ, ಪ್ರಬಂಧ ಕಳಿಸಲು ಬರೀ ಒಂದು ವಾರ ಉಳಿದಿದ್ದಕ್ಕೆ, ಅವರೂ ಮೂವರು ಗೆಳೆಯರೂ ಮಧ್ಯಾಹ್ನದ ಊಟವಾದ ಮೇಲೆ ಹಾಸ್ಟೆಲಿನ ಮೆಸ್ಸಿನಲ್ಲೇ ಕುಳಿತು ಉಳಿದ ಐನೂರ ಅರವತ್ತೆರಡು ಪ್ರಶ್ನಾವಳಿಗಳನ್ನು ತುಂಬಿದರು. ಅಕ್ಷರ ಬೇರೆ ಕಾಣಲೆಂದು ಪೆನ್ನು ಬದಲಿಸಿದರು, ಎಡಗೈಯಲ್ಲಿ ಬರೆದರು. ಮಕ್ಕಳಿಗೆ ತಂತಮ್ಮ ಅಕ್ಕನ ಮಕ್ಕಳ, ಕಾಕಾನ ಮಕ್ಕಳ ಹೆಸರಿಟ್ಟರು. ನೂರಕ್ಕೆ ಎಷ್ಟು ಮಕ್ಕಳಿಗೆ ಕಣ್ಣು ಕಾಣುವುದಿಲ್ಲವೆಂದು ಬರೆಯುವುದು ಎಂಬ ಪ್ರಶ್ನೆ ಬಂದಾಗ ಒಬ್ಬ ಗೆಳೆಯ ಕೈತೊಳೆಯುತ್ತ ಹೇಳಿದ್ದ: “ಮೂರು ಅಂತ ದುಂಡಗ ಬರೀಬ್ಯಾಡಲೇ. ಮೂರು ಪಾಯಿಂಟ್ ಎರಡು ಬರಿ. ಖರೇ ಅನಸ್ತದ.” ಅದಕ್ಕೆ ತಕ್ಕಂತೆ ಇನ್ನೂ ಹನ್ನೆರಡು ಕುರುಡರನ್ನು ಹುಟ್ಟಿಸಿ ಕೆಲಸ ಮುಗಿಸಿದರು. ವ್ಯವಹಾರ, ಆರೋಗ್ಯ, ಶಿಕ್ಷಣ, ಜೀವಶಾಸ್ತ್ರ ಎಲ್ಲವನ್ನೂ ಒಂದೇ ರಟ್ಟಿನೊಳಗೆ ತುರುಕುವ ಒಂದು ಅಂತರರಾಷ್ಟ್ರೀಯ ಪತ್ರಿಕೆ ಅದನ್ನು ನಾಲ್ಕೇ ದಿನದಲ್ಲಿ ಅಚ್ಚು ಹಾಕಿತು. ಅದರ ಸಂಪಾದಕೀಯ ಕಚೇರಿ ಒಂದು ಜೆರಾಕ್ಸ್ ಅಂಗಡಿಯ ಮಾಳಿಗೆಯಲ್ಲಿತ್ತು.

ಮುಂದಿನ ಜಾಡನ್ನು ಯಂತ್ರ ಗೆರೆ ಎಳೆದು ತೋರಿಸುತ್ತಿತ್ತು. ಕಣ್ಣು ಪರೀಕ್ಷಿಸುವ ಸಿಬ್ಬಂದಿ ಸಾಲದೆ ಪರದಾಡುತ್ತಿದ್ದ ಇಲಾಖೆಯೊಂದಕ್ಕೆ ಆ ಅಂಕಿ ಸಿಕ್ಕಿತ್ತು. ನೂರಕ್ಕೆ ಬರೀ ಮೂರು ಮಕ್ಕಳಿಗಾಗಿ ಪ್ರತಿ ವರ್ಷ ತಪಾಸಣೆ ಏತಕ್ಕೆ ಎಂದು ಸುತ್ತೋಲೆ ಹೊರಟಿತು. ಐದನೆಯ ತರಗತಿಯಲ್ಲಿ ಒಂದು ಸಲ ಕಣ್ಣು ನೋಡಿದರೆ ಮುಗಿಯಿತು, ಹತ್ತನೆಯವರೆಗೆ ಮತ್ತೆ ನೋಡಬೇಕಿಲ್ಲ ಎಂದಾಯಿತು. ಆ ನಿಯಮದ ಕೆಳಗೆ ಓದಿದ ಮಕ್ಕಳು ನಲವತ್ತೊಂದು ಲಕ್ಷ. ತಾಗಿದ್ದು ಒಳ್ಳೆಯದಾಗಿಯೋ ಕೆಟ್ಟದಾಗಿಯೋ ಎಂಬುದನ್ನು ಯಂತ್ರ ಹೇಳುತ್ತಿರಲಿಲ್ಲ, ಸಭೆಯೂ ಕೇಳಲಿಲ್ಲ.

ಚಹಾದ ಹೊತ್ತಿಗೆ ವಿಭಾಗದ ಅಟೆಂಡರ್ ಶಾವಂತ್ರಿ ಕಪ್ಪು ಹಿಡಿದು ಬಂದಳು. ಮೂವತ್ತರ ಹೆಣ್ಣುಮಗಳು, ದಪ್ಪ ಗಾಜಿನ ಕನ್ನಡಕದವಳು, ಎಂಟು ವರ್ಷದಿಂದ ಅವರ ಕೋಣೆಯ ಕಸ ಹೊಡೆಯುತ್ತಿದ್ದವಳು. ಉಕ್ಕಲಿಯವರು ಆ ಕನ್ನಡಕವನ್ನು ಅಂದೇ ಮೊದಲ ಸಲ ನೋಡಿದರು ಎನ್ನಬೇಕು.

“ಶಾವಂತ್ರಿ, ಚಸ್ಮಾ ಯಾವಾಗ ಬಂತು ನಿನಗ?”

“ಇಪ್ಪತ್ತನಾಲ್ಕು ವಯಸ್ಸಿಗೆ ರೀ ಸರ. ಇಲ್ಲಿ ಕ್ಯಾಂಪ್ ಹಾಕಿದ್ರಲ್ರಿ, ಆವಾಗ.” ಅವಳು ನಕ್ಕಳು. “ಹಾಕ್ಕೊಂಡು ಹೊರಗ ಬಂದು ಬೇವಿನ ಗಿಡಾ ನೋಡಿದ್ನಿ. ಒಂದೊಂದ ಎಲಿ ಬ್ಯಾರೆ ಬ್ಯಾರೆ ಕಾಣಾಕ ಹತ್ತಿತ್ರಿ. ಗಾಬರಿ ಆತು.”

“ಸಾಲಿಯಾಗ ಕಣ್ಣು ನೋಡಿದ್ದಿಲ್ಲೇನು?”

“ಐದನೇತ್ತಾಗ ನೋಡಿದ್ರಿ, ಆಗ ಚೊಲೋ ಇದ್ದೂ. ಏಳನೇತ್ತಾಗ ಬೋರ್ಡ್ ಮಸುಕಾತು. ಎಲ್ಲಾರಿಗೂ ಹಂಗ ಕಾಣ್ತದ ಅಂತ ತಿಳಕೊಂಡಿದ್ನಿ ರೀ ನಾ. ಬರಕೊಳ್ಳಾಕ ಬರಲಿಲ್ಲಂದ್ರ ದಡ್ಡಿ ಅಂತ ಹಿಂದ ಕುಂಡ್ರಸಿದ್ರು. ಹಿಂದ ಕುಂತ ಮ್ಯಾಲ ಏನೂ ಕಾಣ್ಲಿಲ್ಲ. ಎಂಟನೇತ್ತಕ್ಕ ಬಿಟ್ಟನ್ರಿ.” ಅವಳು ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಹೋದಳು.

ಉಕ್ಕಲಿಯವರು ಚಹಾದ ಕಪ್ಪನ್ನು ಬದಿಗಿಟ್ಟರು. ಮೂವತ್ತೊಂದು ವರ್ಷ ಆ ಪ್ರಬಂಧದ ನೆನಪೇ ಬಾರದೆ ಅವರು ಉಂಡಿದ್ದರು, ಮಲಗಿದ್ದರು, ಪ್ರಾಮಾಣಿಕತೆಯ ಮೇಲೆ ಭಾಷಣವನ್ನೂ ಮಾಡಿದ್ದರು.

ಮರುದಿನ ಅವರು ಸಂಪದಾಳ ಪ್ರಯೋಗಾಲಯಕ್ಕೆ ಹೋದರು. ಬಾಗಿಲು ಹಾಕಿಕೊಂಡು, ಮೆಸ್ಸು, ಪೆನ್ನು, ಎಡಗೈ ಎಲ್ಲವನ್ನೂ ಹೇಳಿದರು. ಸಂಪದಾ ಅವರ ಮುಖ ನೋಡದೆ ಕೇಳಿಸಿಕೊಂಡಳು.

“ನಿನ್ನ ಯಂತ್ರಕ್ಕ ಇದು ತಿಳಿಯಲಿಲ್ಲೇನವಾ?”

“ಅದು ಪ್ರಬಂಧದಿಂದ ಮುಂದಕ್ಕ ಹೋಗ್ತದ ಸರ್. ಹಿಂದಕ್ಕ ಹೋಗೂದಿಲ್ಲ. ಅಚ್ಚಾದದ್ದು ಖರೇ ಅಂತ ಹಿಡಕೊಂಡು ಹೊಂಟದ್ದು ಅದು.” ಅವಳೇ ಮತ್ತೆ ಹೇಳಿದಳು: “ಸಂಶೋಧಕರು ಅಷ್ಟರ ಮಟ್ಟಿಗಾದರೂ ನಂಬಿಕಸ್ತರು ಅಂದ್ಕೊಂಡಿದ್ದೆ. ಅದು ನನ್ನ ತಪ್ಪು.”

ಅವಳು ಯಂತ್ರಕ್ಕೆ ಇನ್ನೊಂದು ಪ್ರಶ್ನೆ ಹಾಕಿದಳು. ಆ ನಲವತ್ತೊಂದು ಲಕ್ಷದಲ್ಲಿ ಶಾಲೆ ಬಿಟ್ಟವರು ಯಾರು, ಅವರಲ್ಲಿ ದೊಡ್ಡವರಾದ ಮೇಲೆ ದಪ್ಪ ಕನ್ನಡಕ ಪಡೆದವರು ಎಷ್ಟು? ಎರಡು ಲಕ್ಷ ಅರವತ್ತು ಸಾವಿರ ಎಂದು ಬಂತು. ಕನ್ನಡಕವೇ ಸಿಗದವರ ವಿಚಾರ ಯಂತ್ರಕ್ಕೆ ಗೊತ್ತಿರಲಿಲ್ಲ.

“ಮುಂದಿನ ತಿಂಗಳು ದಿಲ್ಲಿಯಾಗ ಸರ್ಕಾರದ ಸಭೆ ಅದ” ಎಂದಳು ಸಂಪದಾ. “ನಿಮ್ಮ ಪ್ರಬಂಧ ಇಷ್ಟು ಮಂದಿಗೆ ಮುಟ್ಟೇದ ಅಂತ ಗೊತ್ತಾದ ಮ್ಯಾಲ, ಐದನೇತ್ತಾಗಿನ ಆ ಒಂದು ತಪಾಸಣೆನೂ ತಗದು, ಇಡೀ ದೇಶಕ್ಕ ಆ ನಿಯಮಾ ಜಾರಿ ಮಾಡ್ತಾರಂತ. ನಿನ್ನೆ ಸಂಜೀಕ ಕುಲಪತಿಗಳು ಅಲ್ಲಿಗೆ ಪತ್ರ ಕಳಿಸ್ಯಾರ. ಹೇಳೂದಿದ್ರ ಈಗ ಹೇಳ್ರಿ.”

ಅವರು ಬರೆದರು. ಬಡ್ತಿಗಾಗಿ ಬರೆದ ಯಾವ ಪ್ರಬಂಧಕ್ಕೂ ಪಡದಷ್ಟು ಕಷ್ಟಪಟ್ಟು ಒಂದೂವರೆ ಪುಟ ಬರೆದರು. ಪ್ರಬಂಧ ಸುಳ್ಳು, ಹನ್ನೊಂದು ಶಾಲೆಗಳಿಗೆ ನಾನು ಹೋಗಿಲ್ಲ, ನೋಡಿದ ಮೂವತ್ತೆಂಟು ಮಕ್ಕಳಲ್ಲಿ ಏಳು ಮಕ್ಕಳಿಗೆ ಕಾಣುತ್ತಿರಲಿಲ್ಲ ಎಂದು ಬರೆದು ಸಹಿ ಹಾಕಿದರು. ಪ್ರಬಂಧ ಅಚ್ಚು ಹಾಕಿದ್ದ ಆ ಪತ್ರಿಕೆ ಯಾವಾಗಲೋ ನಿಂತುಹೋಗಿತ್ತು. ಜೆರಾಕ್ಸ್ ಅಂಗಡಿಯ ಜಾಗದಲ್ಲಿ ಈಗ ವಾಹನಗಳ ಬ್ಯಾಟರಿ ತುಂಬುತ್ತಿದ್ದರು. ಕೊನೆಗೆ ವಿಶ್ವವಿದ್ಯಾಲಯದ ಸಂಶೋಧನಾ ಮಂಡಳಿಯ ಮುಂದೆ ಅವರೇ ನಿಂತು ಪತ್ರವನ್ನು ಓದಿದರು.

ಮಂಡಳಿಯ ಏಳು ಜನರೂ ತಾಳ್ಮೆಯಿಂದ ಕೇಳಿದರು. ಕುಲಪತಿಗಳು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು.

“ಉಕ್ಕಲಿ ಸರ್, ಸುಳ್ಳಾಗಿದ್ರ ಅದು ಇಷ್ಟು ದೂರ ಹೋಗ್ತಿತ್ತೇನ್ರಿ? ನಲವತ್ತೊಂದು ಲಕ್ಷ! ನಮ್ಮ ಖರೇ ಪ್ರಬಂಧಗೋಳು ನೋಡ್ರಿ, ಬಾಗಿಲಾ ದಾಟಿಲ್ಲ.”

“ಸುಳ್ಳು ಅಂತ ನಾನ ಹೇಳಾಕತ್ತೀನಲ್ರಿ. ಬರದಾಂವ ನಾನು.”

“ವಯಸ್ಸಾತು, ದಣದೀರಿ. ಮನಸ್ಸಿಗೆ ಹಂಗ ಅನಸ್ತದ” ಎಂದರು ವೈದ್ಯಕೀಯ ವಿಭಾಗದವರು, ಬಹಳ ಮೃದುವಾಗಿ.

“ಪ್ರಶ್ನಾವಳಿ ಎಲ್ಲ್ಯಾವ? ಅವು ಇದ್ರ ನೋಡಬಹುದಿತ್ತು” ಎಂದು ಇನ್ನೊಬ್ಬರು ಕೇಳಿದರು. ಪ್ರಶ್ನಾವಳಿಗಳನ್ನು ಆ ಬೇಸಿಗೆಯಲ್ಲೇ ಹಾಸ್ಟೆಲಿನ ನೀರು ಕಾಯಿಸುವ ಒಲೆಗೆ ಹಾಕಿದ್ದರು. ಸುಳ್ಳು ಹೇಳಿದಾಗ ಒಬ್ಬರೂ ಪುರಾವೆ ಕೇಳಿರಲಿಲ್ಲ. ನಿಜ ಹೇಳುವಾಗ ಬೇಕೆಂದರು.

ಸಭೆ ಮುಗಿದ ಮೇಲೆ ಕುಲಪತಿಗಳು ಅವರನ್ನು ಕಿಟಕಿಯ ಪಕ್ಕಕ್ಕೆ ಕರೆದರು. “ನಾ ನಂಬತೀನ್ರಿ ನಿಮ್ಮ ಮಾತು. ಖರೇನ ಇರಬೇಕು. ಆದ್ರ ಇದನ್ನ ತಗದ್ರ ಈ ಇಡೀ ವಿಶ್ವವಿದ್ಯಾಲಯಕ್ಕ ಉಳಿಯೂದು ಏನು, ಹೂಗಾರ ಮೇಡಮ್ಮಾರ ಕಪ್ಪಿ ಒಂದು. ಮತ್ತ ಆ ಮಕ್ಕಳಿಗೆ, ಅವರ ತಾಯಿ ತಂದಿಗೆ ಉತ್ತರಾ ಕೊಡಾವ್ರು ಯಾರ್ರಿ? ನೀವ? ನಾನ? ಸುಮ್ಮನ ನಾವು ಮಾಡೂ ಸನ್ಮಾನ ತಗೋರಿ.” ಇನ್ನು ಮುಂದೆ ಬಡ್ತಿಯನ್ನು ಜಾಡುಯಂತ್ರದ ಅಂಕಿ ನೋಡಿಯೇ ಕೊಡುವುದೆಂದು ಅದೇ ಸಭೆಯಲ್ಲಿ ಠರಾವಾಗಿತ್ತು. ಯಾವ ವಿಷಯದ ಮೇಲೆ ಏನು ಬರೆದರೆ ಸುತ್ತೋಲೆಯಾಗುತ್ತದೆಂದು ಸಂಶೋಧನಾ ವಿದ್ಯಾರ್ಥಿಗಳು ಆಗಲೇ ಕಾರಿಡಾರಿನಲ್ಲಿ ಒಬ್ಬರನ್ನೊಬ್ಬರು ವಿಚಾರಿಸುತ್ತಿದ್ದರು. ಸಂಪದಾ ಯಂತ್ರವನ್ನು ನಿಲ್ಲಿಸಲು ಕೇಳಿದಳಂತೆ. ಅದು ಅವಳ ಸ್ವಂತದ್ದಲ್ಲ, ವಿಶ್ವವಿದ್ಯಾಲಯದ ಸ್ವತ್ತು ಎಂದು ಹೇಳಿ ಕಳಿಸಿದರಂತೆ.

ಉಕ್ಕಲಿಯವರು ದಿನಪತ್ರಿಕೆಗಳಿಗೆ ಬರೆದರು, ಇಲಾಖೆಗೆ ಬರೆದರು. ‘ಮಹಾ ಸಂಶೋಧಕನ ಅಪರೂಪದ ವಿನಯ’ ಎಂದು ಒಂದು ಪತ್ರಿಕೆ ಫೋಟೋ ಹಾಕಿತು. ಇಲಾಖೆಯಿಂದ ಸ್ವೀಕೃತಿ ಬಂತು, ಅಷ್ಟೇ. ದಿಲ್ಲಿಯ ಸಭೆಯಲ್ಲಿ ಹೊಸ ನಿಯಮ ಪಾಸಾಯಿತು. ಇನ್ನು ಹೇಳಲು ಉಳಿದಿದ್ದವಳು ಒಬ್ಬಳೇ. ಒಂದು ಸಂಜೆ ಐದಕ್ಕೆ, ಕೋಣೆಗೆ ಬೀಗ ಹಾಕಲು ಬಂದ ಶಾವಂತ್ರಿಯನ್ನು ಕೂರಿಸಿ ಅವರು ಎಲ್ಲವನ್ನೂ ಹೇಳಿದರು. ಬೈಯಲಿ ಎಂದು ಕಾದರು. ಅತ್ತರೂ ಆದೀತು ಎಂದುಕೊಂಡರು. ತಮಗೆ ಅದರಿಂದ ಹಗುರವಾಗುತ್ತದೆಂಬ ಸಣ್ಣ ಆಸೆಯೂ ಒಳಗೆಲ್ಲೋ ಇತ್ತು.

ಶಾವಂತ್ರಿ ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು.

“ಅಂದ್ರ ನಾ ದಡ್ಡಿ ಇರಲಿಲ್ಲೇನ್ರಿ?”

“ಇರಲಿಲ್ಲವಾ.”

“ನಮ್ಮಪ್ಪ ಸಾಯೂತನಕ ದಡ್ಡಿ ಅಂದನ್ರಿ ನನಗ. ನಾನೂ ಹೌದಂದೆ.”

ಏನಾದರೂ ಹೇಳಬೇಕಲ್ಲ ಎಂದು ಉಕ್ಕಲಿಯವರು, “ನಿನ್ನ ಮಗಳು ನಾಕನೇತ್ತಾಗ ಅದಾಳಲ್ಲ, ಮುಂದಿನ ವರ್ಷದಿಂದ ಆ ಒಂದು ತಪಾಸಣೆನೂ ಇರೂದಿಲ್ಲ. ಆಕಿನ್ನ ಪ್ರತಿ ವರ್ಷ ಕಣ್ಣಿನ ದವಾಖಾನಿಗೆ ನಾನ ಕರಕೊಂಡು ಹೋಗ್ತೀನಿ” ಎಂದರು.

ಶಾವಂತ್ರಿ ಎದ್ದಳು. “ನನ್ನ ಮಗಳನ್ನ ನಾ ತೋರಸ್ತೀನ್ರಿ. ನನಗ ಈಗ ಗೊತ್ತಾತಲ್ಲ. ಆಕಿ ಬಾಜೂಕ ಕುಂತಿರ್ತಾಳಲ್ರಿ ಒಬ್ಬಾಕಿ, ಆಕಿನ್ನ ಯಾರು ತೋರಸ್ತಾರ?”

ಆ ಹುಡುಗಿಗಾಗಿ ಉಕ್ಕಲಿಯವರು ಮಾಡಬಹುದಾದದ್ದೆಲ್ಲ ಇದ್ದದ್ದು ಎರಡು ಸಾವಿರದ ಇಪ್ಪತ್ತಾರರಲ್ಲಿ, ಊಟವಾದ ಮೇಲಿನ ಆ ಮಧ್ಯಾಹ್ನದಲ್ಲಿ. ಹನ್ನೊಂದು ಶಾಲೆಗಳ ಬಾಗಿಲುಗಳೂ ತೆರೆದಿದ್ದವು, ಮಕ್ಕಳು ಒಳಗೇ ಇದ್ದರು. ಅವತ್ತು ರಜೆಯೂ ಇರಲಿಲ್ಲ.